ಜಪಾನಿನಿಂದ ಊರಲ್ಲಿರುವ ಮಕ್ಕಳಿಗೆ: ಫೋಟೊ ಬಿಟ್ಟು ಬೇರೇನು ಕಳಿಸಬಹುದು?

ಬೆಣ್ಣೆನಗರಿ:

ಮುಂದಿನ ತಿಂಗಳು ಕಚೇರಿ ಕೆಲಸದ ಮೇಲೆ ಮೂರು ವಾರ ಜಪಾನಿಗೆ ಹೋಗಬೇಕು. ಮೊದಲ ಎರಡು ವಾರ ಒಸಾಕಾ, ಕೊನೆಯ ವಾರ ಟೋಕಿಯೊ. ಮಕ್ಕಳಿಬ್ಬರು ದಾವಣಗೆರೆಯಲ್ಲಿ ಅಜ್ಜ-ಅಜ್ಜಿ ಹತ್ತಿರ ಇರುತ್ತಾರೆ. ದೊಡ್ಡವಳಿಗೆ 10, ಚಿಕ್ಕವನಿಗೆ 5. ವಾಟ್ಸಾಪಿಗೆ ಫೋಟೊ ಸುರಿದರೆ ಎರಡು ನೋಡಿ ಮೂರನೆಯದಕ್ಕೆ ಕಾರ್ಟೂನ್ ಹಾಕಿಕೊಳ್ಳುತ್ತಾರೆ. ಅವರೂ ಕೈಯಾಡಿಸುವಂಥದ್ದು, ಹುಡುಕುವಂಥದ್ದು, ಕೂಡಿಡುವಂಥದ್ದು ಏನಾದರೂ ಬೇಕು.

ಕೆಲಸದ ದಿನ ಸಂಜೆ ಆರರ ತನಕ ಬಿಡುವಿಲ್ಲ, ಶನಿವಾರ-ಭಾನುವಾರ ಪೂರ್ತಿ ಬಿಡುವು. ದುಬಾರಿ ಆಟಿಕೆ ಬೇಡ, ಸೂಟ್‌ಕೇಸಿನಲ್ಲಿ ಜಾಗವೂ ಇಲ್ಲ. ಅಂಚೆಯಲ್ಲಿ ಕಳಿಸಿದ್ದು ನಾನು ವಾಪಸ್ ಬರುವಷ್ಟರಲ್ಲಿ ತಲುಪುತ್ತದೆಯೇ? ವಿಡಿಯೊ ಕಾಲ್ ಯಾವ ಹೊತ್ತಿಗೆ ಹೊಂದುತ್ತದೆ? ತಿಳಿದವರು ಹೇಳಿ.

ಮುದ್ರೆಯೊತ್ತು:

ಒಂದು ರೂಪಾಯಿ ಖರ್ಚಿಲ್ಲದ ದಾರಿಯಿಂದ ಶುರು ಮಾಡಿ: ರೈಲು ನಿಲ್ದಾಣದ ಮುದ್ರೆ. ಅಲ್ಲಿ ಇದಕ್ಕೆ 'ಎಕಿ ಸ್ಟಾಂಪ್' ಅನ್ನುತ್ತಾರೆ. 1931ರಲ್ಲಿ ಫುಕುಯಿ ನಿಲ್ದಾಣದಲ್ಲಿ ಶುರುವಾದ ಪದ್ಧತಿ, ಈಗ ದೇಶದ ಉದ್ದಗಲಕ್ಕೂ ಇದೆ. ಅಂಗೈಯಗಲದ ರಬ್ಬರ್ ಮುದ್ರೆ, ಪಕ್ಕದಲ್ಲೇ ಶಾಯಿಯ ಪ್ಯಾಡ್. ನಿಲ್ದಾಣದ ಹೆಸರಿನ ಜೊತೆ ಆ ಊರಿನ ಕೋಟೆಯೋ ಸೇತುವೆಯೋ ಹೂವೋ ಕೆತ್ತಿರುತ್ತಾರೆ. ಸಾಮಾನ್ಯವಾಗಿ ಟಿಕೆಟ್ ಗೇಟಿನ ಅಕ್ಕಪಕ್ಕದಲ್ಲಿ ಮೇಜಿನ ಮೇಲಿರುತ್ತದೆ. ಕೆಲವು ಕಡೆ ಸಿಬ್ಬಂದಿ ಒಳಗಿಟ್ಟುಕೊಂಡಿರುತ್ತಾರೆ, ಕೇಳಿದರೆ ಕೊಡುತ್ತಾರೆ. "ಎಕಿ ಸ್ಟಾಂಪು ವಾ ದೊಕೊ ದೆಸ್ ಕಾ?" (ನಿಲ್ದಾಣದ ಮುದ್ರೆ ಎಲ್ಲಿದೆ?) ಎಂದು ಕೇಳಿದರೆ ಸಾಕು. ಗೇಟಿನಿಂದ ಹೊರಗೆ ಬರುವ ಮೊದಲೇ ಒಳಗೊಮ್ಮೆ ಕಣ್ಣಾಡಿಸಿ. ಮುದ್ರೆ ಗೇಟಿನ ಒಳಗಿದ್ದರೆ ಹೊರಬಂದ ಮೇಲೆ ಮತ್ತೆ ಟಿಕೆಟ್ ತೆಗೆಯಬೇಕಾಗುತ್ತದೆ.

ಇದನ್ನು ಪುಸ್ತಕದಲ್ಲಿ ಒತ್ತಿ ತರುವುದಕ್ಕಿಂತ ಖಾಲಿ ಪೋಸ್ಟ್‌ಕಾರ್ಡಿನ ಮೇಲೆ ಒತ್ತಿ ಅಲ್ಲಿಂದಲೇ ಅಂಚೆಗೆ ಹಾಕಿ. ನೂರು ಯೆನ್ ಅಂಗಡಿಗಳಲ್ಲಿ (ತೆರಿಗೆ ಸೇರಿ 110) ಖಾಲಿ ಕಾರ್ಡಿನ ಕಟ್ಟು ಸಿಗುತ್ತದೆ. ಹೊಳಪಿನ ಕಾಗದದ್ದು ಬೇಡ, ಡ್ರಾಯಿಂಗ್ ಹಾಳೆಯಂಥ ಒರಟು ಕಾಗದದ್ದೇ ಇರಲಿ. ಹೊಳಪಿನದಕ್ಕೆ ಶಾಯಿ ಹಿಡಿಯುವುದಿಲ್ಲ, ಕೈ ತಾಗಿದರೆ ಬಳಿದುಹೋಗುತ್ತದೆ. ವಿಳಾಸದ ಬದಿಯಲ್ಲಿ 'ಪೋಸ್ಟ್ ಕಾರ್ಡ್' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿಲ್ಲದಿದ್ದರೆ ನೀವೇ ಬರೆಯಿರಿ. ಇಲ್ಲದಿದ್ದರೆ ಅದನ್ನು ಪತ್ರ ಎಂದು ಲೆಕ್ಕ ಹಾಕುವ ಸಾಧ್ಯತೆ ಇದೆ, ಪತ್ರಕ್ಕೆ ದರ ಹೆಚ್ಚು.

ಮುದ್ರೆ ಕೆಡುವುದು ಎರಡು ಕಾರಣಕ್ಕೆ. ಒಂದು, ಪ್ಯಾಡ್ ಒಣಗಿರುತ್ತದೆ. ಚಿಕ್ಕದೊಂದು ಪ್ಯಾಡ್ ಜೇಬಿನಲ್ಲಿಟ್ಟುಕೊಂಡರೆ ಆಯಿತು. ಎರಡು, ಜನ ಮಧ್ಯಕ್ಕೆ ಜೋರಾಗಿ ಗುದ್ದುತ್ತಾರೆ, ಅಂಚು ಮೂಡುವುದೇ ಇಲ್ಲ. ಮೊದಲು ರಫ್ ಕಾಗದದ ಮೇಲೆ ಒಮ್ಮೆ ಒತ್ತಿ ನೋಡಿ. ಆಮೇಲೆ ಕಾರ್ಡಿನ ಮೇಲಿಟ್ಟು, ಅಲುಗಿಸದೆ, ನಾಲ್ಕು ಮೂಲೆಗೂ ಒಂದೊಂದಾಗಿ ಭಾರ ಬಿಟ್ಟು, ನೇರ ಮೇಲಕ್ಕೆ ಎತ್ತಿ. ಬ್ಯಾಗಿಗೆ ಹಾಕುವ ಮುಂಚೆ ಟಿಶ್ಯೂ ಒಂದನ್ನು ಮೇಲಿಡಿ.

ಒಂದು ಎಚ್ಚರಿಕೆ. ದೇವಾಲಯಗಳಲ್ಲಿ 300ರಿಂದ 500 ಯೆನ್ ಪಡೆದು ಕುಂಚದಲ್ಲಿ ಬರೆದು ಕೆಂಪು ಮುದ್ರೆ ಹಾಕಿಕೊಡುವ 'ಗೊಶುಯಿನ್' ಬೇರೆ. ಅದು ದರ್ಶನದ ಗುರುತು, ಅದಕ್ಕೆ ಅದರದ್ದೇ ಪುಸ್ತಕ. ರೈಲಿನ ಮುದ್ರೆ ಇರುವ ಪುಸ್ತಕವನ್ನು ಅಲ್ಲಿ ಚಾಚಿದರೆ ಕೆಲವು ಕಡೆ ಬರೆದುಕೊಡಲು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು.

ಗುಂಡು ಮುಚ್ಚಳ:

ದೊಡ್ಡವಳಿಗೆ ಮ್ಯಾನ್‌ಹೋಲ್ ಕಾರ್ಡ್. ನಗಬೇಡಿ, ಪೂರ್ತಿ ಓದಿ.

ಜಪಾನಿನಲ್ಲಿ ಚರಂಡಿ ಮುಚ್ಚಳದ ಮೇಲೆ ಆಯಾ ಊರಿನ ಚಿತ್ರ ಎರಕ ಹೊಯ್ದಿರುತ್ತಾರೆ. ಒಸಾಕಾದ್ದರಲ್ಲಿ ಕೋಟೆ ಮತ್ತು ಚೆರ್ರಿ ಹೂ. ಕೆಲವಕ್ಕೆ ಬಣ್ಣವೂ ಉಂಟು. 2016ರ ಏಪ್ರಿಲ್‌ನಿಂದ ಈ ಮುಚ್ಚಳಗಳ ಸಂಗ್ರಹ ಕಾರ್ಡುಗಳನ್ನು ಪುಕ್ಕಟೆ ಕೊಡುತ್ತಿದ್ದಾರೆ. ಮುಂದೆ ಮುಚ್ಚಳದ ಫೋಟೊ, ಹಿಂದೆ ಆ ವಿನ್ಯಾಸದ ಕಥೆ. ಇಸ್ಪೀಟೆಲೆಯ ಅಳತೆಯದ್ದು, ನೂರು ಇಟ್ಟರೂ ಸೂಟ್‌ಕೇಸಿಗೆ ಭಾರವಲ್ಲ.

ಇದರಲ್ಲಿ ಮಕ್ಕಳಿಗೆ ಸಿಗುವ ಆಟ ಎಂದರೆ, ಪ್ರತಿ ಕಾರ್ಡಿನ ಮೇಲೂ ಆ ಮುಚ್ಚಳ ಇರುವ ಜಾಗದ ಅಕ್ಷಾಂಶ-ರೇಖಾಂಶ ಅಚ್ಚಾಗಿರುತ್ತದೆ. ಕಾರ್ಡನ್ನು ತೋರಿಸಬೇಡಿ, ಆ ಎರಡು ಸಂಖ್ಯೆಯನ್ನಷ್ಟೇ ಮಗಳಿಗೆ ಕಳಿಸಿ. ಉದಾಹರಣೆಗೆ 34 ಡಿಗ್ರಿ 41 ನಿಮಿಷ 15 ಸೆಕೆಂಡ್ ಉತ್ತರ, 135 ಡಿಗ್ರಿ 31 ನಿಮಿಷ 33 ಸೆಕೆಂಡ್ ಪೂರ್ವ. ಗೂಗಲ್ ಮ್ಯಾಪ್‌ನಲ್ಲಿ ಹಾಕಲು ಇದನ್ನು ದಶಮಾಂಶಕ್ಕೆ ತರಬೇಕು: ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಎರಡನ್ನೂ ಡಿಗ್ರಿಗೆ ಕೂಡುವುದು. 41/60 ಅಂದರೆ 0.6833, 15/3600 ಅಂದರೆ 0.0042, ಒಟ್ಟು 34.6875. ಅದೇ ರೀತಿ ಇನ್ನೊಂದು 135.5258. ನಡುವೆ ಅಲ್ಪವಿರಾಮ ಹಾಕಿ ಹುಡುಕಿದರೆ ನೇರ ಒಸಾಕಾ ಕೋಟೆಯ ಬುಡಕ್ಕೆ ಹೋಗಿ ನಿಲ್ಲುತ್ತಾಳೆ. (ಇದು ಲೆಕ್ಕ ತೋರಿಸಲು ನಾನು ತೆಗೆದುಕೊಂಡ ಜಾಗ, ಕಾರ್ಡಿನದ್ದಲ್ಲ.) ಅಲ್ಲಿಂದ ಸ್ಟ್ರೀಟ್ ವ್ಯೂಗೆ ಇಳಿದರೆ ರಸ್ತೆಯ ಮೇಲಿನ ಮುಚ್ಚಳವೇ ಕಾಣುವುದುಂಟು. ಹುಡುಕಿ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಕಾರ್ಡಿನ ಫೋಟೊ, ವಾಪಸ್ ಬಂದಾಗ ಕಾರ್ಡ್ ಅವಳ ಕೈಗೆ. ದಶಮಾಂಶದ ನಂತರ ನಾಲ್ಕು ಅಂಕಿ ಬೇಕೇ ಬೇಕು. ಎರಡಕ್ಕೇ ನಿಲ್ಲಿಸಿದರೆ ಮುಚ್ಚಳದ ಬದಲು ಯಾವುದೋ ಬೀದಿ ಸಿಗುತ್ತದೆ, ಒಂದು ಕಿಲೊಮೀಟರಿನ ತನಕ ವ್ಯತ್ಯಾಸ ಬರಬಹುದು.

ಸಿಗುವುದು ಹೇಗೆ: ಕಾರ್ಡನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಮುಂಚಿತವಾಗಿ ತೆಗೆದಿಡುವುದೂ ಇಲ್ಲ. ಖುದ್ದಾಗಿ ಹೋಗಬೇಕು, ತಲೆಗೊಂದು. ಕೊಡುವ ಜಾಗ ಪ್ರವಾಸಿ ಮಾಹಿತಿ ಕೇಂದ್ರವಾದರೆ ವಾರಾಂತ್ಯವೂ ತೆರೆದಿರುತ್ತದೆ, ಪುರಸಭೆಯ ಒಳಚರಂಡಿ ವಿಭಾಗವಾದರೆ ಶನಿವಾರ-ಭಾನುವಾರ ಬಾಗಿಲು ಮುಚ್ಚಿರುತ್ತದೆ. ಹೊರಡುವ ಮುಂಚೆ ಅಧಿಕೃತ ಪಟ್ಟಿಯಲ್ಲಿ ವಿಳಾಸ, ಸಮಯ, ದಾಸ್ತಾನು ಇದೆಯೇ ಎಂಬುದನ್ನು ನೋಡಿಕೊಳ್ಳಿ.

ಮಕ್ಕಳಿಗೆ ಪೋಕೆಮಾನ್ ಹುಚ್ಚಿದ್ದರೆ 'ಪೋಕೆಫುತಾ' ಎಂಬ ಪೋಕೆಮಾನ್ ಮುಚ್ಚಳಗಳೂ ಇವೆ. 2018ರ ಡಿಸೆಂಬರಿನಲ್ಲಿ ಕಾಗೋಶಿಮಾದ ಇಬುಸುಕಿಯಲ್ಲಿ ಮೊದಲು ಹಾಕಿದ್ದು. ಒಂದರಂತೆ ಇನ್ನೊಂದಿಲ್ಲ, ಎಲ್ಲಿವೆ ಎಂಬ ನಕ್ಷೆ ಅಂತರ್ಜಾಲದಲ್ಲಿದೆ. ಆ ನಕ್ಷೆ ನೋಡಿ ಮಕ್ಕಳೇ ಆರಿಸಲಿ, ನೀವು ಹೋಗಿ ಬನ್ನಿ.

ಜೊತೆಗೊಂದು ಪ್ರಶ್ನೆ ಬಿಟ್ಟುಬಿಡಿ: ಮುಚ್ಚಳ ಯಾಕೆ ಗುಂಡಗಿದೆ, ಚೌಕ ಯಾಕಲ್ಲ? ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಚೌಕ, ಒಂದು ಗುಂಡು ತೂತು ಕೊರೆದು, ತೂತಿಗಿಂತ ಅರ್ಧ ಸೆಂಟಿಮೀಟರ್ ದೊಡ್ಡ ಮುಚ್ಚಳ ಮಾಡಿ ನೋಡಲಿ. ಚೌಕವನ್ನು ನಿಲ್ಲಿಸಿ ಕರ್ಣದ ದಿಕ್ಕಿಗೆ ತಿರುಗಿಸಿದರೆ ಒಳಗೆ ಬೀಳುತ್ತದೆ, ಗುಂಡಗಿನದು ಹೇಗೆ ತಿರುಗಿಸಿದರೂ ಬೀಳುವುದಿಲ್ಲ.

ಧಾರವಾಡ ಪೇಢೆ:

ಫೋಟೊ ಬ್ಯಾಡ ಅಂದ್ರಲ್ಲ, ಹಂಗಾರ ಸದ್ದು ಕಳಸ್ರಿ. ಒಸಾಕಾ ಲೂಪ್ ಲೈನಿನೊಳಗ ಗಾಡಿ ಬಿಡೂ ಮುಂದ ಸ್ಟೇಶನ್ನಿಗೊಂದು ಟ್ಯೂನ್ ಹಚ್ತಾರ. ಟೋಕಿಯೋದಾಗ ಯಾಮಾನೊತೆ ಲೈನಿಗೂ ಹಂಗ. ಹತ್ತು ಹದಿನೈದು ಸೆಕೆಂಡ್ ರೆಕಾರ್ಡ್ ಮಾಡ್ರಿ. ನಾಲ್ಕು ಸ್ಟೇಶನ್ ಆದ ಮ್ಯಾಲೆ ಒಂದು ಹಳೇದು ಹಚ್ಚಿ "ಇದು ಯಾವ ಸ್ಟೇಶನ್?" ಅಂತ ಕೇಳ್ರಿ. ಸಣ್ಣ ಹುಡುಗ ಅಕ್ಕನಕಿಂತ ಮೊದ್ಲ ಹೇಳ್ತಾನ, ಓದಾಕ ಬರಬೇಕಂತಿಲ್ಲ ಇದಕ್ಕ.

ರಸ್ತೆ ದಾಟೂ ಸಿಗ್ನಲ್ಲಿನಾಗ ಹಕ್ಕಿ ಕೂಗ್ತಾವು. ಒಂದು ಕಡೆ ಹಸಿರು ಬಿದ್ರ "ಪಿಯೊ ಪಿಯೊ", ಅದಕ್ಕ ಅಡ್ಡಾದ ರಸ್ತೆಗೆ ಬಿದ್ರ "ಕಕ್ಕೂ". ಕಣ್ಣು ಕಾಣದವ್ರಿಗೆ ಯಾವ ದಿಕ್ಕಿಗೆ ದಾಟಬೇಕು ಅಂತ ತಿಳೀಲಿ ಅಂತ. ಎರಡೂ ಕಳಿಸಿ, ಎರಡು ಹಕ್ಕಿ ಯಾಕ ಬೇಕು ಅಂತ ಹುಡುಗರಿಗೆ ಕೇಳ್ರಿ.

ವಾಟ್ಸಾಪಿನ ಮೈಕ್ ಗುಂಡಿ ಒತ್ತಿ ಹಿಡದು ರೆಕಾರ್ಡ್ ಮಾಡಬ್ಯಾಡ್ರಿ. ಅದು ಮಾತು ಹಿಡಿಲಿಕ್ಕೆ ಮಾಡಿದ್ದು, ಹಿಂದಿನ ಸದ್ದು ಮಸುಕಾಗತೈತಿ. ಫೋನಿನ ರೆಕಾರ್ಡರ್ ಆ್ಯಪಿನಾಗ ಗದ್ದಲ ತಗ್ಗಿಸೂ ಸೆಟ್ಟಿಂಗ್ ಇದ್ರ ಬಂದ್ ಮಾಡಿ ಹಿಡೀರಿ, ಆಮ್ಯಾಲೆ ಡಾಕ್ಯುಮೆಂಟ್ ಅಂತ ಕಳಸ್ರಿ.

ಕಾಲ್ ಟೈಮ್: ಜಪಾನ್ ನಮಗಿಂತ ಮೂರೂವರೆ ತಾಸು ಮುಂದ. ಸಾಲಿಂದ ಬಂದು ತಿಂಡಿ ತಿಂದು ಐದಕ್ಕ ಕುಂತ್ರ ನಿಮಗ ಅಲ್ಲಿ ರಾತ್ರಿ ಎಂಟೂವರೆ. ಇದ ಛಲೋ. ರವಿವಾರ ಮುಂಜಾನೆ ಎಂಟಕ್ಕ ಮಾಡಿದ್ರ ಅಲ್ಲಿ ಹನ್ನೊಂದೂವರೆ, ಬೆಳಕಿನಾಗ ಊರು ತೋರಿಸಬಹುದು. ರೈಲಿನೊಳಗ ಮಾತ್ರ ಕಾಲ್ ಮಾಡಬ್ಯಾಡ್ರಿ, ಅಲ್ಲಿ ರೈಲಿನಾಗ ಫೋನಿನ್ಯಾಗ ಮಾತಾಡೂದು ಸಭ್ಯತನ ಅಲ್ಲ. ಪ್ಲಾಟ್‌ಫಾರ್ಮಿಗೆ ಇಳದು ಮಾಡ್ರಿ.

ಎರಡೂ ಊರಿಗೆ ಹೊಂಟೀರಿ ಅಂದ್ರ ಇದೊಂದು ಬಿಡಬ್ಯಾಡ್ರಿ: ಎಸ್ಕಲೇಟರಿನ್ಯಾಗ ಟೋಕಿಯೋದವ್ರು ಎಡಕ್ಕ ನಿಂದರ್ತಾರ, ಒಸಾಕಾದವ್ರು ಬಲಕ್ಕ. ಎರಡೂ ಕಡೆ ಹಿಂದಿನಿಂದ, ಮುಖ ಕಾಣದಂಗ, ಐದೈದು ಸೆಕೆಂಡ್ ವಿಡಿಯೊ ಹಿಡೀರಿ. ಏನು ವ್ಯತ್ಯಾಸ ಅಂತ ಅವ್ರ ಹುಡುಕಲಿ.

ಬೆಣ್ಣೆನಗರಿ:

ಎಲ್ಲರಿಗೂ ಧನ್ಯವಾದ. ಅಕ್ಷಾಂಶದ ಆಟ ದೊಡ್ಡವಳಿಗೆ ಖಂಡಿತ. ಚಿಕ್ಕವನಿಗೆ ಇನ್ನಷ್ಟು ಬೇಕು, ಅವನಿಗೆ ಮುಟ್ಟಿ ನೋಡಿದರೇ ಸಮಾಧಾನ. ತೂತಿರುವ ನಾಣ್ಯ ಇದೆಯಂತಲ್ಲ, ಕಾರ್ಡಿನ ಜೊತೆ ಲಕೋಟೆಯಲ್ಲಿ ಹಾಕಿ ಕಳಿಸಬಹುದೇ? ಬೀಜ, ಎಲೆ ಹೀಗೆ?

ಕೈಮರ:

ನಾಣ್ಯವನ್ನು ಲಕೋಟೆಯಲ್ಲಿ ಹಾಕಬೇಡಿ. ಸಾಮಾನ್ಯ ಅಂತರರಾಷ್ಟ್ರೀಯ ಪತ್ರದಲ್ಲಿ ನಾಣ್ಯ, ನೋಟು ನಿಷಿದ್ಧ. ಬೀಜ, ಮಣ್ಣು, ಓಕ್ ಕಾಯಿ ಇತ್ಯಾದಿ ಅಂಚೆಯಲ್ಲೂ ಬೇಡ, ಸೂಟ್‌ಕೇಸಿನಲ್ಲೂ ಬೇಡ, ಸಸ್ಯ ಕ್ವಾರಂಟೈನ್ ನಿಯಮಕ್ಕೆ ಸಿಕ್ಕಿಬೀಳುತ್ತೀರಿ. ಎಲೆ ತೋರಿಸಬೇಕೆಂದರೆ ಪೋಸ್ಟ್‌ಕಾರ್ಡಿನ ಕೆಳಗೆ ಎಲೆಯನ್ನು ನರ ಮೇಲೆ ಬರುವಂತೆ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಕಾರ್ಡ್ ದಪ್ಪವಾದರೆ ಮೂಡುವುದಿಲ್ಲ, ತೆಳು ಹಾಳೆಯಲ್ಲಿ ಉಜ್ಜಿ ಅಂಟಿಸಿ.

ನಾಣ್ಯವನ್ನು ಕೈಯಲ್ಲೇ ತನ್ನಿ, ಆದರೆ ಯಾವುದು ಎಂಬುದನ್ನು ಆರಿಸಿ ತನ್ನಿ. 5 ಯೆನ್ ಮತ್ತು 50 ಯೆನ್ ಎರಡಕ್ಕೂ ನಡುವೆ ತೂತು. 5ರ ನಾಣ್ಯದಲ್ಲಿ ಭತ್ತದ ತೆನೆ, ತೂತಿನ ಸುತ್ತ ಹಲ್ಲುಚಕ್ರ, ಕೆಳಗೆ ನೀರಿನ ಗೆರೆ ಇವೆ: ಬೇಸಾಯ, ಕೈಗಾರಿಕೆ, ಮೀನುಗಾರಿಕೆ. ಮೂರನ್ನೂ ಹುಡುಕಲು ಹೇಳಿ. ಬೆಲೆಯನ್ನು ನಾವು ಬಳಸುವ ಅಂಕಿಯಲ್ಲಿ ಬರೆಯದ ನಾಣ್ಯ ಅದೊಂದೇ, ಹಾಗಾಗಿ ಎಷ್ಟು ಯೆನ್ ಎಂಬುದೂ ಒಗಟೇ. ಅಜ್ಜನ ಹಳೆಯ ಡಬ್ಬಿಯಲ್ಲಿ 1943ರಿಂದ 1947ರ ನಡುವಿನ ತೂತು ಕಾಸು ಇದ್ದರೆ ಪಕ್ಕದಲ್ಲಿಟ್ಟು ನೋಡಲಿ, ಅಜ್ಜನಿಗೂ ಹೇಳಲು ಮಾತು ಸಿಗುತ್ತದೆ.

ನಿಜವಾದ ಲಾಭ ಇರುವುದು ಎಲ್ಲಕ್ಕಿಂತ ಅಗ್ಗದ 1 ಯೆನ್‌ನಲ್ಲಿ. ಅಪ್ಪಟ ಅಲ್ಯೂಮಿನಿಯಂ, ತೂಕ ಸರಿಯಾಗಿ 1 ಗ್ರಾಂ, ವ್ಯಾಸ 2 ಸೆಂಟಿಮೀಟರ್. ತೆರಿಗೆ ಸೇರಿ ಬರುವ ಚಿಲ್ಲರೆಯಲ್ಲಿ ತಾನಾಗಿ ಕೂಡಿಬೀಳುತ್ತವೆ, ಇಪ್ಪತ್ತು ತನ್ನಿ. ಎರಡು ಲೋಟದ ಮುಚ್ಚಳ, ದಾರ, ಒಂದು ಸ್ಕೇಲಿನಲ್ಲಿ ತಕ್ಕಡಿ ಕಟ್ಟಿದರೆ ಇವೇ ತೂಕದ ಬೊಟ್ಟು. ನಮ್ಮ ಒಂದು ರೂಪಾಯಿ ತೂಗಲಿ: 2019ರ ನಂತರದ್ದು ಮೂರಕ್ಕೆ ಹತ್ತಿರ, 2011ರ ಸರಣಿಯದ್ದು ನಾಲ್ಕಕ್ಕೆ ಹತ್ತಿರ ಬರುತ್ತದೆ.

ಅದೇ ನಾಣ್ಯ ನೀರಿನ ಮೇಲೂ ನಿಲ್ಲುತ್ತದೆ. ಅಗಲ ಬಟ್ಟಲಲ್ಲಿ ನೀರು, ಒಣಗಿದ ನಾಣ್ಯವನ್ನು ಫೋರ್ಕಿನ ಮೇಲಿಟ್ಟು ಮಟ್ಟಸವಾಗಿ ಇಳಿಸಿ ಫೋರ್ಕನ್ನು ಕೆಳಗೆ ಎಳೆದುಕೊಳ್ಳಬೇಕು. ಓರೆಯಾಗಿ ಇಳಿಸಿದರೆ, ಮೇಲ್ಭಾಗ ಒದ್ದೆಯಾದರೆ ಮುಳುಗುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಅದನ್ನು ಎತ್ತಿ ಹಿಡಿದಿರುವುದು ನೀರಿನ ಮೇಲ್ಮೈ ಬಿಗಿತ. ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ನೀರು ಬಿಟ್ಟರೆ ಬಿಗಿತ ಸಡಿಲಾಗಿ ಪುಳಕ್ ಎಂದು ತಳ ಸೇರುತ್ತದೆ. ಎರಡನೇ ಬಾರಿ ಮಾಡುವಾಗ ಬಟ್ಟಲು ಪೂರ್ತಿ ತೊಳೆಯದೆ ಹೋದರೆ ಉಳಿದ ಸೋಪೇ ಕೆಲಸ ಕೆಡಿಸುತ್ತದೆ.

ಇನ್ನು ಮುಟ್ಟಿ ತಿಳಿಯುವ ವಿಷಯ. ನಿಮ್ಮ ಹೋಟೆಲಿನ ಸ್ನಾನದ ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಥರದ ಮೂರು ಬಾಟಲಿ ಇರುತ್ತವೆ. ಶಾಂಪೂವಿನ ಪಕ್ಕೆಯಲ್ಲೂ ಪಂಪಿನ ತಲೆಯ ಮೇಲೂ ಸಾಲು ಗೀರುಗಳು, ಕಂಡೀಷನರ್ ನುಣುಪು, ಮೈ ಸೋಪಿನದಕ್ಕೆ ಒಂದೇ ಗೆರೆ. ತಲೆ ತೊಳೆಯುವಾಗ ಕಣ್ಣು ಮುಚ್ಚಿರುತ್ತದೆ, ಕಣ್ಣು ಕಾಣದವರಿಗಂತೂ ಬೇಕೇ ಬೇಕು. ಶಾಂಪೂವಿನ ಗೀರನ್ನು ಕಾವೊ ಕಂಪನಿ 1991ರಲ್ಲಿ ತಂದು ಉಳಿದವರಿಗೂ ಬಳಸಲು ಬಿಟ್ಟಿತು. ಹತ್ತಿರದಿಂದ ವಿಡಿಯೊ ತೆಗೆದು ಕಳಿಸಿ, ಊರಲ್ಲಿ ಹುಡುಗ ಬಾಟಲಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ತನ್ನದೇ ಗುರುತು ಮಾಡಿ ಕಣ್ಣು ಮುಚ್ಚಿ ಗುರುತಿಸಲಿ. ಹಾಲಿನ ಡಬ್ಬಿಯ ಮೇಲಂಚಿನಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ, ಹಣ್ಣಿನ ರಸದ್ದಕ್ಕೆ ಇರುವುದಿಲ್ಲ, ಅದೂ ಇದೇ ಕಾರಣಕ್ಕೆ.

ಪಾದಚಾರಿ ದಾರಿಯ ಹಳದಿ ಉಬ್ಬು ಹಾಸು ಕೂಡ ಜಪಾನಿನದೇ. ಮಿಯಾಕೆ ಸೇಯಿಚಿ 1965ರಲ್ಲಿ ರೂಪಿಸಿದ್ದು, 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಕಿದ್ದು. ಉದ್ದ ಗೆರೆ ಅಂದರೆ ನಡೆ, ಚುಕ್ಕಿ ಅಂದರೆ ನಿಲ್ಲು ಅಥವಾ ಎಚ್ಚರ. ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಅದೇ ಹಾಸು ಇದೆ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ಗೆರೆ ಎಲ್ಲಿ ಚುಕ್ಕಿಯಾಗುತ್ತದೆ ಎಂದು ಅವನೇ ಹುಡುಕುತ್ತಾನೆ, ಚಪ್ಪಲಿ ಬಿಚ್ಚಿ ತುಳಿದೇ ನೋಡುತ್ತಾನೆ.

ಅಂಚೆಪೆಟ್ಟಿಗೆ:

ಅಂಚೆಯ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಪೋಸ್ಟ್‌ಕಾರ್ಡಿಗೆ ವಿಮಾನದ ದರ ಯಾವ ದೇಶಕ್ಕಾದರೂ 100 ಯೆನ್ (2023ರ ಅಕ್ಟೋಬರಿನಿಂದ). ಅಂಚೆ ಕಚೇರಿಯಲ್ಲಿ ಅಂಚೆ ಚೀಟಿ ಮೊದಲೇ ಅಚ್ಚಾದ ಕಾರ್ಡ್ ಕೊಂಡರೆ ಅದರ ಮೇಲಿರುವುದು ಒಳನಾಡಿನ 85, ಇನ್ನು 15 ಹಚ್ಚಬೇಕು. ಸಂಜೆ ಆರರ ಮೇಲೆ ಬಿಡುವಾಗುವವರಿಗೆ ಸಣ್ಣ ಅಂಚೆ ಕಚೇರಿ ಸಿಗುವುದಿಲ್ಲ, ಐದಕ್ಕೇ ಮುಚ್ಚುತ್ತವೆ. ಆಗ ಕನ್ವೀನಿಯನ್ಸ್ ಅಂಗಡಿಯಲ್ಲಿ 110ರ ಚೀಟಿ ಕೇಳಿ ಅದನ್ನೇ ಹಚ್ಚಿ, ಹತ್ತು ಯೆನ್ ಹೋದರೆ ಹೋಗಲಿ. ಕೆಂಪು ಡಬ್ಬಕ್ಕೆ ಎರಡು ಬಾಯಿ ಇದ್ದರೆ ವಿದೇಶದ್ದು ಬಲಗಡೆಯದಕ್ಕೆ.

ವಿಳಾಸ ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಮಕ್ಕಳಿಗೆ ಖುಷಿ. ಆದರೆ ದೇಶದ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಊರು ಮತ್ತು ಪಿನ್ ಕೋಡ್ ಇಂಗ್ಲಿಷಿನಲ್ಲೂ ಇರಲಿ. 'ಏರ್ ಮೇಲ್' ಎಂದು ಬರೆಯಲು ಮರೆಯಬೇಡಿ. ಜೆಲ್ ಪೆನ್ ಬೇಡ, ಮಳೆಗಾಲದಲ್ಲಿ ಪೋಸ್ಟ್‌ಮ್ಯಾನ್ ಚೀಲದಲ್ಲೇ ಅಳಿಸಿಹೋಗುತ್ತದೆ, ಬಾಲ್‌ಪೆನ್ನೇ ಸರಿ.

ಬಿಡುವಾದ ದಿನ ಅಂಚೆ ಕಚೇರಿಯ ಕೌಂಟರಿಗೆ ಹೋದರೆ 'ಫೂಕೇಯಿನ್' ಕೇಳಿ. ಆ ಊರಿನ ಚಿತ್ರವಿರುವ ಕಂದುಗೆಂಪು ಮೊಹರು, ದುಡ್ಡಿಲ್ಲದೆ ಚೀಟಿಯ ಮೇಲೆ ಹೊಡೆದುಕೊಡುತ್ತಾರೆ. ಎಲ್ಲ ಕಚೇರಿಯಲ್ಲೂ ಇರುವುದಿಲ್ಲ. ಪ್ರಾಂತ್ಯದ ಹೆಸರಾಂತ ತಿನಿಸು, ಕಟ್ಟಡ ಇಂಥವುಗಳ ಆಕಾರಕ್ಕೆ ಕತ್ತರಿಸಿದ 'ಗೊತೋಚಿ' ಕಾರ್ಡುಗಳೂ ಚೆನ್ನ, ಆಯಾ ಪ್ರಾಂತ್ಯದ ಅಂಚೆ ಕಚೇರಿಯಲ್ಲಿ ಮಾತ್ರ ಸಿಗುತ್ತವೆ. ಆದರೆ ಅವಕ್ಕೆ ಮಾಮೂಲಿ ಕಾರ್ಡಿನ ದರ ನಡೆಯುವುದಿಲ್ಲ, ಕೌಂಟರಿನಲ್ಲೇ ತೂಕ ಹಾಕಿಸಿ.

ತಲುಪಲು ಒಂದು ವಾರವೂ ಆಗಬಹುದು, ಮೂರು ವಾರವೂ ಆಗಬಹುದು. ಹಾಗಾಗಿ ಒಸಾಕಾದ ಮೊದಲ ವಾರದಲ್ಲೇ ಹೆಚ್ಚಿನದನ್ನು ಹಾಕಿಬಿಡಿ. ಟೋಕಿಯೊದ್ದು ನಿಮ್ಮ ಹಿಂದೆಯೇ ಬರುತ್ತದೆ, ಅದೂ ಕೆಟ್ಟದ್ದಲ್ಲ. ಹಾಕಿದ ಕ್ರಮದಲ್ಲಿ ತಲುಪುವುದೂ ಇಲ್ಲ. ಪ್ರತಿ ಕಾರ್ಡಿನ ಮೂಲೆಯಲ್ಲಿ ಸಂಖ್ಯೆ ಬರೆಯಿರಿ, ಹಾಕುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಇಬ್ಬರಿಗೂ ಬೇರೆ ಬೇರೆ ಕಾರ್ಡ್, ಒಂದೇ ದಿನ, ಒಂದೇ ಡಬ್ಬಕ್ಕೆ. ಆದರೂ ಒಬ್ಬರ ಕಾರ್ಡ್ ಎರಡು ದಿನ ಮುಂಚೆ ಬಂದು ಮನೆಯಲ್ಲಿ ಜಗಳವಾಗಬಹುದು, ಅಜ್ಜಿಗೆ ಮೊದಲೇ ಹೇಳಿಡಿ.

ಗುಂಡು ಮುಚ್ಚಳ:

ಅಂಚೆಪೆಟ್ಟಿಗೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಒಸಾಕಾದಿಂದ ಟೋಕಿಯೊಗೆ ಹೋಗುವಾಗ ಶಿನ್‌ಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ 'ಇ' ಸೀಟು ತೆಗೆದುಕೊಳ್ಳಿ, ಫುಜಿ ಪರ್ವತ ಕಾಣುವ ಬದಿ ಅದು. ಶಿನ್-ಫುಜಿ ನಿಲ್ದಾಣದ ಆಸುಪಾಸಿನಲ್ಲಿ ಕಾಣುತ್ತದೆ. ರೈಲು ನಿಲ್ಲದೆ ಓಡುತ್ತದೆ, ಟೋಕಿಯೊ ತಲುಪಲು ಮುಕ್ಕಾಲು ಗಂಟೆ ಇರುವಾಗಲೇ ಫೋನ್ ಕೈಯಲ್ಲಿರಲಿ. ಮೋಡವಿದ್ದರೆ ಕಾಣುವುದಿಲ್ಲ, ಬೇಸಿಗೆಯಲ್ಲಿ ಕಾಣದ ದಿನವೇ ಹೆಚ್ಚು.

ಆಗ ಬದಲಿಗೆ ಇದನ್ನು ಹೇಳಿ: 1997ರಲ್ಲಿ ಓಡಲು ಶುರುವಾದ 500 ಸರಣಿಯ ಬುಲೆಟ್ ರೈಲಿನ 15 ಮೀಟರ್ ಉದ್ದದ ಮೂತಿಯನ್ನು ಮಿಂಚುಳ್ಳಿಯ ಕೊಕ್ಕು ನೋಡಿ ಮಾಡಿದ್ದು. ವೇಗವಾಗಿ ಸುರಂಗಕ್ಕೆ ನುಗ್ಗಿದಾಗ ಮುಂದಿನ ಗಾಳಿ ಒತ್ತಿಕೊಂಡು ಆಚೆ ತುದಿಯಲ್ಲಿ ಢಂ ಎನ್ನುತ್ತಿತ್ತು. ಹಕ್ಕಿಗಳನ್ನು ನೋಡುವ ಹವ್ಯಾಸವಿದ್ದ ಎಂಜಿನಿಯರ್ ನಾಕಾತ್ಸು ಏಜಿ, ನೀರು ಚಿಮ್ಮಿಸದೆ ಧುಮುಕುವ ಮಿಂಚುಳ್ಳಿಯ ಕಡೆ ನೋಡಿದರು. ಭಾನುವಾರ ಅಜ್ಜ ಇಬ್ಬರನ್ನೂ ಕುಂದುವಾಡ ಕೆರೆಯ ಏರಿ ಮೇಲೆ ಕರೆದುಕೊಂಡು ಹೋಗಲಿ. ಮಿಂಚುಳ್ಳಿ ಕೊಕ್ಕನ್ನು ಯಾವ ಕೋನದಲ್ಲಿ ಹಿಡಿದು ಮುಳುಗುತ್ತದೆ ಎಂದು ನೋಡಿ ಅವರೇ ನಿಮಗೆ ಚಿತ್ರ ಬರೆದು ಕಳಿಸಲಿ.

ಬೆಣ್ಣೆನಗರಿ:

ಕ್ಯಾಪ್ಸೂಲ್ ಆಟಿಕೆಯ ಯಂತ್ರದ ಬಗ್ಗೆ ಒಂದು ಸಾಲು ಯಾರಾದರೂ?

ಮುದ್ರೆಯೊತ್ತು:

'ಗಾಚಾ' ತಾನೆ? ಹೆಚ್ಚಿನವಕ್ಕೆ 300ರಿಂದ 500 ಯೆನ್. 100ರ ನಾಣ್ಯವನ್ನೇ ತಿನ್ನುವಂಥವೇ ಜಾಸ್ತಿ, ಪಕ್ಕದಲ್ಲಿ ಚಿಲ್ಲರೆ ಯಂತ್ರ ಇರುತ್ತದೆ. ಯಾವುದು ಬರುತ್ತದೆ ಎಂಬುದು ಅದೃಷ್ಟ, ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಸರಣಿಯದು ತೆಗೆಯಿರಿ, ಒಂದೇ ಸರಣಿಯಲ್ಲಿ ಎರಡು ತೆಗೆದರೆ ಹೋಲಿಕೆ ಶುರುವಾಗುತ್ತದೆ. ಗುಂಡಿ ತಿರುಗಿಸುವುದನ್ನು ವಿಡಿಯೊ ಕಾಲ್‌ನಲ್ಲೇ ಮಾಡಿ, ತೆರೆಯಬೇಡಿ. ಕ್ಯಾಪ್ಸೂಲಿಗೆ ಜಾಗ ಬೇಕು ಅಂತ ಸಾಮಾನ್ಯವಾಗಿ ಅಲ್ಲೇ ಬುಟ್ಟಿಗೆ ಬಿಟ್ಟು ಬರುತ್ತಾರೆ, ಆದರೆ ಎರಡೇ ಆದರೆ ಶೂಗಳ ಒಳಗೆ ತುರುಕಿದರೆ ಹಿಡಿಯುತ್ತವೆ.